ಓಡದ ಮೀನು

ಈ ವರ್ಷ ಮೀನು ತಾವಾಗಿ ಬಲೆಗೆ ಬರುತ್ತಿವೆ.
ಸಾನ್ ಎಲ್ಯಾಸಿನ ದಕ್ಕೆಯಲ್ಲಿ ಗಂಡಸರಿಗೆ ಸುಗ್ಗಿ;
ಬೆಲಿಸಾರಿಯೊ ದೋಣಿಗೆ ಹಳದಿ ಬಣ್ಣ ಬಳಿಸಿದ.
ನಾನು ಚೂರಿ ಮಸೆಯುತ್ತ ಕೇಳಿಕೊಳ್ಳುತ್ತೇನೆ:
ಓಡದ್ದು ಎಂಥ ಮೀನು?

ಮೊದಲು ಹೀಗಿರಲಿಲ್ಲ.
ಒಂದು ಪೆಹೆರ್ರೇಯ ಹೊಟ್ಟೆ ಸೀಳಿ
ಕೈ ತೊಳೆದರೆ ಸಾಕು, ನೀರಿಗೆಲ್ಲ ಸುದ್ದಿ.
ಹಿಂಡಿಗೆ ಹಿಂಡೇ ಮಗ್ಗುಲು ಬದಲಿಸಿ
ಮಾಯ. ಮೀನಿನ ಹೆಜ್ಜೆ ಕಂಡವರುಂಟೆ?
ಈಗ ಅದೇ ರಕ್ತದ ನೀರಿಗೆ
ಹತ್ತಿರ ಹತ್ತಿರ ಬರುತ್ತವೆ,
ತಮ್ಮವರದೇ ಎಂದು ಅರಿಯದೆ
ನನ್ನ ಬೆರಳ ಸಂದಿಯಲ್ಲಿ ಮೂತಿ ಇಡುತ್ತವೆ.

ವಾಲ್ಪರೈಸೊದಿಂದ ಒಬ್ಬ ಹುಡುಗಿ ಬಂದಿದ್ದಳು,
ಐಸ್ ಪೆಟ್ಟಿಗೆ ಹೊತ್ತುಕೊಂಡು.
ಮೀನಿನ ಮೂಗಿಗೆ ತಾಮ್ರ ಹತ್ತಿದೆ ಸೆನ್ಯೋರಾ, ಎಂದಳು.
ಮೀನಿಗೂ ಮೂಗೇ! ನಕ್ಕುಬಿಟ್ಟೆ.
ತೋರಿಸಿದಳು: ಎರಡೆರಡು ತೂತು, ಸಾಸಿವೆ ಕಾಳು ಹಿಡಿಯದಷ್ಟು.
ನಲವತ್ತು ವರ್ಷ ಈ ತಲೆಗಳನ್ನೇ ಕತ್ತರಿಸಿದ್ದೇನೆ,
ನೋಡಿರಲಿಲ್ಲ.
ಈಲಿ ಕೊಯ್ದು ಸೀಸೆಗಳಲ್ಲಿ ತುಂಬಿ
ಒಂದೊಂದರ ಮೇಲೂ ನಮ್ಮೂರಿನ ಹೆಸರು ಬರೆದು ಒಯ್ದಳು.
ಆಮೇಲೆ ಕಾಗದ ಬಂತು, ಬರೀ ಅಂಕಿ.
ಸಂಘದ ಗೋಡೆಗೆ ಅಂಟಿಸಿದರು.
ಅದರ ಅಂಚಿನಲ್ಲಿ ಯಾರೋ
ಎಂಜಿನ್ ರಿಪೇರಿಯವನ ಫೋನ್ ನಂಬರು ಗೀಚಿದ್ದಾರೆ.

ಕೊಲ್ಲಿಯ ಆಚೆ ಚಿಮಣಿ, ಅದರ ಬುಡದಲ್ಲಿ
ನನ್ನ ಅನ್ಸೆಲ್ಮೊ ಇಪ್ಪತ್ತೆಂಟು ವರ್ಷ ಕುಲುಮೆ ಕಾಯ್ದ.
ಈ ಸೂರು, ಮಗಳ ಮದುವೆ, ನನ್ನ ಬಾಯ ಹಲ್ಲು ಕೂಡ
ಆ ತಾಮ್ರದ ದುಡ್ಡಿನದೇ;
ಉಪ್ಪು ತಿಂದಿದ್ದೇವೆ, ಬಾಯಿಗೆ ಬಂದಂತೆ ಬಯ್ಯಲಾರೆ.
ಆದರೆ ಅವನಿಗೆ ಹುರಿದ ಬೆಳ್ಳುಳ್ಳಿ ತಿಳಿಯದು,
ಸೀದ ಹಾಲು ತಿಳಿಯದು.
ಒಂದು ಬೆಳಗ್ಗೆ ಗ್ಯಾಸು ಸೋರುವ ಅಡುಗೆಮನೆಯಲ್ಲಿ
ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದ,
ಕಾಫಿ ಕಾಸೋಣ ಅಂತ.
ಎಂಥ ನಿಶ್ಚಿಂತ ಮುಖ ಅದು!
ಕೈಯಿಂದ ಕಡ್ಡಿ ಕಿತ್ತುಕೊಂಡಾಗ
ಏನಾಯಿತೇ ನಿನಗೆ, ಎಂದ.

ಅದೇ ಮುಖ ಇವತ್ತು ದಕ್ಕೆಯ ಕೆಳಗೆ,
ಸಾವಿರ ಇರಬಹುದು,
ಬಾಯಿ ತೆರೆದು ಮುಚ್ಚಿ ತೆರೆದು
ನನ್ನನ್ನೇ ನೋಡುತ್ತಿವೆ.

ಇನ್ನೆರಡು ಬುಟ್ಟಿ ತಾರೇ ದೋಮಿತಿಲಾ! ಬೆಲಿಸಾರಿಯೊ ಕೂಗುತ್ತಾನೆ.
ಚೂರಿ ಕೆಳಗಿಟ್ಟು
ಅಂಗೈ ಮೂಗಿಗೆ ಒಡ್ಡಿಕೊಳ್ಳುತ್ತೇನೆ.
ಮೀನಿನ ವಾಸನೆ ಇದೆ.
ಇದೆಯಲ್ಲ?
ಇನ್ನೊಮ್ಮೆ ಮೂಸುತ್ತೇನೆ.