ಕೊನೆಯ ಗುಂಡಿ

ರೀಗಾ. ರಂಗಮಂದಿರದ ನೆಲಮಾಳಿಗೆ.
ಗುಂಡುಸೂಜಿ ಕಚ್ಚಿಕೊಂಡೇ ಬೈಯುತ್ತಾಳೆ ವೆಲ್ಟಾ:
"ಅಲ್ಲಾಡಬೇಡ, ಜಮೀನ್ದಾರ!"

ನೂರಿಪ್ಪತ್ತು ವರ್ಷ ಹಿಂದಿನ ಕೋಟು,
ಹೊಲಿದದ್ದು ಮೊನ್ನೆ.
ಮೊಣಕೈಗೆ ಉಪ್ಪುಕಾಗದ ತಿಕ್ಕಿ ಸವೆಸಿದ್ದಾಳೆ,
ಕಾಲರಿಗೆ ಚಹಾ ಕುಡಿಸಿದ್ದಾಳೆ.
ಕೊನೆಯ ಗುಂಡಿ ಮಾತ್ರ ಬೇರೆ ಬಣ್ಣದ ದಾರದಲ್ಲಿ,
ಸೊಟ್ಟಗೆ.
"ಹೆಂಡತಿ ಹೋದ ಮೇಲೆ ಇವನೇ ಹೊಲಿದುಕೊಂಡದ್ದು."

"ಯಾವ ಹೆಂಡತಿ? ನಾಟಕದಲ್ಲಿ ಅವಳ ಸುದ್ದಿಯೇ ಇಲ್ಲ,"
ನಕ್ಕ ಇಮಾಂಟ್ಸ್,
"ಮೊದಲ ಸಾಲಿಗೂ ಕಾಣದು."

ವೆಲ್ಟಾ ಹಲ್ಲಿಂದ ದಾರ ಕಡಿದಳು.

ಮೊದಲ ಪ್ರದರ್ಶನ, ಎರಡನೇ ಅಂಕ:
ಒಕ್ಕಲುಗಳ ಮೇಲೆ ಅಬ್ಬರಿಸುತ್ತಿದ್ದವನ ಹೆಬ್ಬೆರಳು
ತಾನಾಗಿ ಹುಡುಕಿತು ಆ ಗುಂಡಿಯನ್ನು.
ಬೈಗುಳ ಅರ್ಧಕ್ಕೆ ನಿಂತಿತು.
ಯಾರೂ ಕೆಮ್ಮಲಿಲ್ಲ.

ಕೆಳಗೆ ವೆಲ್ಟಾ
ಇನ್ನಾರದೋ ಲಂಗಕ್ಕೆ ಇಸ್ತ್ರಿ ಹಾಕುತ್ತಿದ್ದಳು,
ಬೈಯುತ್ತಲೇ.