ಉಪಕರಣಗಳು

ಅಡಿಗಿ ಮನಿ, ಮಲಗೂ ಮನಿ ಎಲ್ಲಾ ಒಂದ ಖೋಲಿ,
ಝುವಾರಿನಗರದ ಗುಡ್ಡದ ಮ್ಯಾಲೆ.
ಅಲ್ಲೇ ಹುಲಿಗೆಮ್ಮ ಬಿರಿಂಡಾ ಸಿಪ್ಪಿ ಕುದಿಸಿದ್ಲು,
ನನ್ನ ಚಾ ಪಾತೇಲ್ಯಾಗ.
ಒಂದು ವಾರ ಚಾ ಹುಳಿ ಹುಳಿ.
ಕೆಂಪು ನೀರಾಗ ಕಾಗದ ಅದ್ದಿ
ದಾರಕ್ಕ ಒಣ ಹಾಕಿದ್ಲು,
ಗೊಂಬಿ ಕುಬಸದಂಥ ಚೂರುಗಳು.

"ಹಳಸಿದ ಮೀನಿನ ಉಸಿರು ತಾಗಿದ್ರ
ಇದರ ಬಣ್ಣ ಹೋಗತೈತಿ, ಬೇ."
ಸತ್ತ ಮೀನಿಗೆ ಉಸಿರೆಲ್ಲಿಂದ, ಅಂತ ನಕ್ಕೆ.

ವಾಸ್ಕೋ ಪ್ಯಾಟ್ಯಾಗ ಹದಿನಾಕು ವರ್ಷಾತು,
ಮಂದಿ ಕೊಂಡ ಮೀನು ಹೆಚ್ಚಿ ಕೊಡತೀನಿ.
ಬಂಗಡಾ, ಇಸ್ವಣ, ತಾರ್ಲೆ,
ಕತ್ತಿ ಇಡೂಕಿಂತ ಮೊದಲ ಮೂಗು ಹೇಳತೈತಿ:
ಇದು ಇವತ್ತಿಂದು, ಇದು ನಿನ್ನಿದು,
ಇದು ಬರ್ಫಿನಾಗ ಮಲಗಿದ ಸುಳ್ಳು.
ಹೇಳೂದು ಮೂಗಷ್ಟ. ಬಾಯಿ ಹೇಳೂದಿಲ್ಲ.

ಸಾಲಿ ಬಿಟ್ಟ ಮ್ಯಾಲೆ ವಹಿ ಹಿಡಕೊಂಡು ಬರತಿದ್ಲು.
ನಲವತ್ತು ಮೀನು, ನಲವತ್ತು ಕಾಗದ.
ಮೊದಲು ನಾ ಮೂಸಬೇಕು, ಅಕಿ ಬರಕೋಬೇಕು,
ಆಮ್ಯಾಲೆ ಕಾಗದದ ಸರತಿ.
"ಕಾಗದ ನೋಡಿ ಹೇಳಬ್ಯಾಡ, ಅದು ಮೋಸ."
ಬಾಜೂ ಕಟ್ಟಿ ರೊಜಾಲಿನಾ ಮಾರಿ ಗಂಟು ಹಾಕಿದ್ಲು:
ನಿನ್ನ ಮಗಳೂ ಬ್ಯಾಡ, ಅಕಿ ಕಾಗದಾನೂ ಬ್ಯಾಡ.
ಮರುದಿನ ಅಕೀನ, ಯಾರಿಗೂ ಕಾಣದಂಗ,
ಎಲ್ಯಾಗ ಸುತ್ತಿ ಒಂದು ಮೀನು ತಂದ್ಲು:
ಇದನ್ನ ನೋಡವಾ, ಹಾಕಿದಾಂವ
ನನಗ ಮೋಸ ಮಾಡ್ಯಾನೇನು.

ಮಡಗಾಂವದ ಹಾಲಿನ್ಯಾಗ ಚಸ್ಮಾದ ಸಾಹೇಬ ಕೇಳಿದ:
ಯಾರು ಮಾಡಿಕೊಟ್ರು? ಅಣ್ಣಾ?
ಅಕಿಗೆ ಅಣ್ಣಿಲ್ಲ. ತಮ್ಮ ಅದಾನ, ಮೂರು ವರ್ಷದಾಂವ,
ಆರು ಕಾಗದ ತಿಂದಾನ.
ಹಂಗ ಹೇಳಿದ್ಲು.
ಸಾಹೇಬ ಕುರ್ಚಿ ಎಳಕೊಂಡು ಕುಂತ.
"ದೋಣಿ ಬಂದ ದಿನ ಕೇಳಿ ತಾಳೆ ನೋಡೀನ್ರಿ.
ಮೂವತ್ತೇಳು ಕೂಡಿದುವು.
ಉಳಿದ ಮೂರರಾಗ ಎರಡು ಕಾಗದದ ತಪ್ಪು,
ಒಂದು ನಮ್ಮವ್ವಂದು. ಅವತ್ತ ಅಕಿಗೆ ನೆಗಡಿ."

ಎರಡನೇ ಬಹುಮಾನ. ಮೈಕಿನ್ಯಾಗ
ಹುಲಿ ಒಂದು ಕಡೆ, ಗೆಮ್ಮ ಒಂದು ಕಡೆ ಬಿತ್ತು.
ಆದ್ರೂ ತನ್ನ ಹೆಸರು ಗುರುತು ಹಿಡದು ಮೆಟ್ಟಲಾ ಏರಿದ್ಲು.
ನಾ ಹಿಂದಿನ ಸಾಲಿನ್ಯಾಗ, ಕೈ ಸೆರಗಿನಾಗ.
ಎಷ್ಟು ಲಿಂಬಿ ತಿಕ್ಕಿದ್ರೂ ಕೈ ಪ್ಯಾಟೀದ.

ನನಗ ಓದಾಕ ಬರೂದಿಲ್ಲ.
ಚಾರ್ಟಿನ ಮುಂದ ನಿಂದ್ರಿಸಿ, ಬೆರಳಿಟ್ಟು ಓದಿದ್ಲು:
ಉಪಕರಣಗಳು.
ಗಾಜಿನ ಬಾಟಲಿ ನಾಕು, ಸೋಸೂ ಅರಬಿ,
ಬಿರಿಂಡಾ ಸಿಪ್ಪಿ ಒಂದು ಹಿಡಿ,
ಯಂಕವ್ವನ ಮೂಗು ಒಂದು.

ವಾಪಸ್ ಬಸ್ಸಿನ್ಯಾಗ ಆಗಲೇ ಮುಂದಿನ ವರ್ಷದ ಮಾತು.
ಸಿಗಡಿ ಬ್ಯಾರೆ ಥರ ಹಳಸ್ತಾವೇನ್ ಬೇ, ಅಂದ್ಲು.
ಹೌದು, ಅಂದೆ. ಬ್ಯಾರೇನ. ತಲಿಯಿಂದ ಸುರು.
ವಹಿ ತಗದ್ಲು.