ನವೆಂಬರಿನ ಮೂರನೆಯ ಶುಕ್ರವಾರ

ಡುಲುತ್ತಿನಲ್ಲಿ ಪೇಟೆ ಮುಚ್ಚುವುದು ಮಧ್ಯಾಹ್ನ ಮೂರಕ್ಕೆ.
ನ್ಯೂಯಾರ್ಕಿನವರಿಗೆ ಆಗ ನಾಲ್ಕು.

ಉರ್ಹೋ ಬಿಟ್ಟುಹೋದದ್ದು ಮುನ್ನೂರು ಷೇರು,
ಅದಿರು ಸಾಗಿಸುವ ಹಡಗು ಕಂಪನಿಯದು;
ಒಂದು ನೀಲಿ ನೋಟ್‌ಬುಕ್ಕು;
ಸೌನಾದ ಬಾಗಿಲಿಗೆ ಎಂದೂ ಸರಿಯಾಗಿ ಕೂರದ ಚಿಲಕ.
ಮೊದಲ ಪುಟದಲ್ಲೇ ತಮ್ಮನ ಓರೆ ಅಕ್ಷರ:
ಇರ್ಯಾ, ಷೇರು ಮಾರಬೇಡ,
ಕೊಳ್ಳುವ ಹಕ್ಕನ್ನಷ್ಟೇ ಮಾರು.
ಬಾಡಿಗೆ ಬರುತ್ತದೆ, ಮನೆ ನಿನ್ನದೇ ಇರುತ್ತದೆ.

ನಾಲ್ಕು ವರ್ಷ ಹಾಗೇ ನಡೆಯಿತು.
ತಿಂಗಳಿಗೊಂದು ಗಡುವು, ಗಡುವಿಗೊಂದು ಉರುಳಿಕೆ:
ಮುಗಿಯಲಿರುವ ಆಪ್ಷನ್ನನ್ನು ಮರಳಿ ಕೊಂಡು ಮುಚ್ಚು,
ಮುಂದಿನ ತಿಂಗಳದ್ದನ್ನು ಮಾರಿ ತೆರೆ.
ಊದುವುದನ್ನು ಕೊಟ್ಟು ಬಾರಿಸುವುದನ್ನು ತಂದ ಹಾಗೆ
ಎಂದು ನಗುತ್ತಿದ್ದಳು ಪಕ್ಕದ ಮನೆಯ ಸೈಮಾ.
ನಗಲಿ. ಚಳಿಗಾಲದ ಗ್ಯಾಸ್ ಬಿಲ್ಲು
ಆ ಬಾರಿಸುವುದರಲ್ಲೇ ತೀರುತ್ತಿತ್ತು.

ಉಳಿದದ್ದು ಒಂದೇ ಪ್ರಶ್ನೆ: ಯಾವಾಗ?
ಸೋಮವಾರವೇ ಉರುಳಿಸಿದರೆ
ಇನ್ನೂ ಸವೆಯದ ನಾಲ್ಕು ದಿನಕ್ಕೆ ದುಡ್ಡು ತೆರಬೇಕು.
ಶುಕ್ರವಾರ ಎರಡೂ ಮುಕ್ಕಾಲರ ತನಕ ಕಾದರೆ
ಬೆರಳು ನಡುಗುತ್ತದೆ, ಬೆಲೆ ಕುಣಿಯುತ್ತದೆ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಕಾಯುವುದು ನನಗೆ ಹೇಳಿಕೊಡಬೇಕಾಗಿರಲಿಲ್ಲ.
ನಿಯಮದ ಪ್ರಕಾರ ನಿಲ್ದಾಣಕ್ಕೆ ಒಂದು ನಿಮಿಷ.
ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಬೆಳಗಿನಲ್ಲಿ
ಒಂದೇ ಬೂಟು ಹಾಕಿ, ಇನ್ನೊಂದನ್ನು ಎದೆಗೊತ್ತಿಕೊಂಡು
ಓಡಿಬರುವ ಕಾಲ್ಟನ್‌ಗಾಗಿ ಮೂರು ನಿಮಿಷ.
ಹುಡುಗ ಒಮ್ಮೆಯೂ ಬಸ್ಸು ತಪ್ಪಿಸಿಕೊಳ್ಳಲಿಲ್ಲ.
ನಾನೂ ಒಮ್ಮೆಯೂ ಕೆಲಸ ಕಳೆದುಕೊಳ್ಳಲಿಲ್ಲ.

ಈ ಸಲ ನಲವತ್ತು ಡಾಲರಿನ ಹಕ್ಕು ಮಾರಿದ್ದೆ,
ಷೇರು ನಲವತ್ಮೂರು ದಾಟಿ ಹೋಗಿತ್ತು.
ಬುಧವಾರ ಬೆಳಿಗ್ಗೆ ಲೆಕ್ಕ ಹಾಕಿದೆ:
ಆ ಹಕ್ಕಿನಲ್ಲಿ ಕಾಲಕ್ಕೆಂದು ಉಳಿದ ಬೆಲೆ ಇಪ್ಪತ್ತು ಸೆಂಟ್.
ಶುಕ್ರವಾರದೊಳಗೆ ಅದೂ ಸೊನ್ನೆ.
ಮುನ್ನೂರು ಷೇರಿಗೆ ಅರವತ್ತು ಡಾಲರ್ ಉಳಿತಾಯ!
ಆತುರಗಾರನಿಗೆ ಬುದ್ಧಿ ಮಟ್ಟ, ಎಂದುಕೊಂಡೆ,
ಏಲಕ್ಕಿಯ ಪುಲ್ಲಾ ಮುರಿದು ಕಾಫಿಗೆ ಅದ್ದಿದೆ,
ಕಂಪ್ಯೂಟರು ಆರಿಸಿ ಹಿಮ ತಳ್ಳಲು ಹೋದೆ.

ಗುರುವಾರ ಬೆಳಿಗ್ಗೆ ತೆರೆದರೆ ಖಾತೆಯಲ್ಲಿ
ಷೇರು: ಸೊನ್ನೆ.
ನಗದು: ಹನ್ನೆರಡು ಸಾವಿರದ ಚಿಲ್ಲರೆ.

ಫೋನಿನಲ್ಲಿ ಡೆಸ್ಮಂಡ್ ಎಂಬ ಹುಡುಗ, ಬಹಳ ವಿನಯವಂತ.
'ಮೇಡಂ, ಹಕ್ಕು ಕೊಂಡವರು ಅದನ್ನು ಬಳಸಿದ್ದಾರೆ.
ಷೇರಿಗೆ ಅರವತ್ತು ಸೆಂಟ್ ಡಿವಿಡೆಂಡ್ ಇತ್ತಲ್ಲ,
ನಿನ್ನೆ ಸಂಜೆಯೇ ಷೇರು ಕೈಗೆತ್ತಿಕೊಂಡವರಿಗೆ ಅದು.'
'ಗಡುವು ಶುಕ್ರವಾರವಲ್ಲವೆ?'
'ಗಡುವು ನಿಮಗೆ ಮೇಡಂ.
ಅವರಿಗೆ ಅಲ್ಲಿಯವರೆಗಿನ ಯಾವ ದಿನವಾದರೂ ಸರಿ.'

ಇಷ್ಟು ವರ್ಷ ನಾನು ಬಸ್ಸು ಓಡಿಸುತ್ತಿದ್ದೇನೆ ಎಂದುಕೊಂಡಿದ್ದೆ.
ನಿಲ್ದಾಣದಲ್ಲಿ ನಿಂತಿದ್ದೆ, ಕೈಯಲ್ಲಿ ಬೂಟು ಹಿಡಿದು.

ನೋಟ್‌ಬುಕ್ಕು ತಿರುವಿದೆ. ಹದಿನಾಲ್ಕನೆಯ ಪುಟ,
ಅಂಚಿನಲ್ಲಿ ಸೀಸದಕಡ್ಡಿಯ ನಾಲ್ಕು ಪದ:
ಡಿವಿಡೆಂಡ್ ಇದ್ದ ತಿಂಗಳು ಕಾಯಬೇಡ.
ಅದರ ಮೇಲೆ ಕಾಫಿಯ ಕಂದು ಉಂಗುರ,
ನನ್ನದೇ ಲೋಟದ್ದು.

ದುಡ್ಡೇನೂ ಮುಳುಗಿಲ್ಲ, ಅದು ನಿಜ.
ಅದೇ ಷೇರು ಮತ್ತೆ ಕೊಳ್ಳಬಹುದು, ಮೂರು ಡಾಲರ್ ಮೇಲೆ ಕೊಟ್ಟು.
ಆದರೆ ಅವು ಉರ್ಹೋನವಾಗಿರುವುದಿಲ್ಲ.
ಷೇರಿಗೆ ಮುಖವಿಲ್ಲ, ವಾಸನೆಯಿಲ್ಲ, ಗೊತ್ತು,
ಒಂದರಂತೆ ಇನ್ನೊಂದು.
ಗೊತ್ತಿದ್ದೂ ಕೂತೆ, ಕಿಟಕಿಯಾಚೆ
ಉದ್ದನೆಯ ಅದಿರು ಹಡಗೊಂದು ಎತ್ತುಸೇತುವೆಯ ಕೆಳಗೆ
ತನ್ನ ಪಾಡಿಗೆ ಹಾದುಹೋಗುವ ತನಕ.

ಶುಕ್ರವಾರ. ಅಭ್ಯಾಸಬಲ: ಎರಡೂವರೆಗೇ ಮೇಜಿನ ಮುಂದೆ.
ಉರುಳಿಸಲು ಏನೂ ಇಲ್ಲ.
ಮೂರು ಹೊಡೆಯಿತು.
ಸೈಮಾ ಟವೆಲು ಹೆಗಲಿಗೆ ಹಾಕಿ ಬಂದಳು.
'ಇವತ್ತು ಬೇಗ ಮುಗಿಯಿತೇ?'
'ಬೇಗಲೇ ಮುಗಿಯಿತು.'

ಸೌನಾದ ಚಿಲಕ ಇವತ್ತೂ ಕೂರಲಿಲ್ಲ.
ಕಾಲು ಚಾಚಿ ಬಾಗಿಲನ್ನು ಒತ್ತಿ ಹಿಡಿದೆ;
ಸೈಮಾ ಕಾದ ಕಲ್ಲಿನ ಮೇಲೆ ನೀರು ಹೊಯ್ದಳು.